ಕುದಿಯುವ ಕಾರು, ಹಾಡುವ ಹೆಂಡತಿ

ಕೆಲವರಿಗೆ ಬಿ.ಪಿ. ಇರುತ್ತದೆ, ಕೆಲವರಿಗೆ ಶುಗರ್ ಇರುತ್ತದೆ. ನನಗೆ ಹಳೆಯ ಕಾರಿದೆ. ಮೊದಲೆರಡಕ್ಕೆ ನಮ್ಮ ವಿಲೆ ಪಾರ್ಲೆಯಲ್ಲಿ ಹೆಜ್ಜೆಗೊಬ್ಬ ಡಾಕ್ಟರ್ ಸಿಗುತ್ತಾನೆ. ನನ್ನ ಕಾಯಿಲೆಗೆ ಇರುವವನು ಗ್ಯಾರೇಜಿನ ಸಾವಂತ್ ಮಿಸ್ತ್ರಿ ಒಬ್ಬನೇ, ಅವನೂ ಯಾವಾಗ ಹೋದರೂ ನಾಳೆ ಬಾ ಎನ್ನುತ್ತಾನೆ. ನಿವೃತ್ತರಾದ ಮೇಲೆ ಜನ ತೀರ್ಥಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಬಿಲ್ಡಿಂಗಿನ ಸೆಕ್ರೆಟರಿಯಾಗಿ ನೆರೆಯವರ ಪ್ರಾಣ ಹಿಂಡುತ್ತಾರೆ. ನಾನು ಪರಿಚಯದ ಪಾರ್ಸಿ ಮುದುಕರೊಬ್ಬರಿಂದ ನನಗಿಂತ ಒಂದೆರಡೇ ವರ್ಷ ಚಿಕ್ಕದಾದ ಈ ಕಾರನ್ನು ಕೊಂಡು ತಂದೆ. ಬೀಗದ ಕೈ ಕೊಡುವಾಗ ಅವರು ನನ್ನ ಎರಡೂ ಕೈ ಹಿಡಿದು ಬಹಳ ಹೊತ್ತು ಕುಲುಕಿದರು. ಅಭಿನಂದನೆ ಎಂದುಕೊಂಡೆ. ಅದು ಕೃತಜ್ಞತೆ ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಹೊಸ ಕಾರಿನವರು ರಸ್ತೆ ನೋಡಿಕೊಂಡು ಓಡಿಸುತ್ತಾರೆ, ನಾನು ಸೂಜಿ ನೋಡಿಕೊಂಡು ಓಡಿಸುತ್ತೇನೆ. ಸ್ಟಿಯರಿಂಗಿನ ಹಿಂದೆ ಪುಟ್ಟ ಗಡಿಯಾರದಂಥದೊಂದಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಅದರ ಸೂಜಿ ಹೇಳುತ್ತದೆ. ಸೂಜಿ ನಡುವೆ ಇದ್ದಷ್ಟು ಹೊತ್ತು ನಾನು ಬಹಳ ಒಳ್ಳೆಯ ಗಂಡ. ಜೋಕು ಹೇಳುತ್ತೇನೆ, ಮಾವನ ಮನೆಯವರನ್ನು ಹೊಗಳುತ್ತೇನೆ. ಅದು ಬಲಕ್ಕೆ ಸರಿಯತೊಡಗಿತೋ, ಮುಗಿಯಿತು, ಯಾರು ಮಾತಾಡಿದರೂ ಸಿಡುಕುತ್ತೇನೆ. ನಿಂತರೆ ಇದರ ಎಂಜಿನ್ ಕಾಯುತ್ತದೆ, ಮತ್ತು ಮುಂಬಯಿಯ ರಸ್ತೆಯಲ್ಲಿ ನಿಲ್ಲದೆ ಹೋಗುವವರು ಮಂತ್ರಿಗಳು ಮಾತ್ರ. ಬೆಳಿಗ್ಗೆ ಎದ್ದು ಚಹಾಕ್ಕೆ ಮುಂಚೆ ನಾನು ರೇಡಿಯೇಟರಿಗೆ ನೀರು ನೋಡಿ ಬರುತ್ತೇನೆ. ಒಮ್ಮೆ ಅವಸರಪಟ್ಟು ಬಿಸಿಯಲ್ಲೇ ಅದರ ಮುಚ್ಚಳ ತಿರುಗಿಸಿ, ಕುದಿನೀರು ಚಿಮ್ಮಿ, ಒಂದು ಹುಬ್ಬು ಕಳೆದುಕೊಂಡು ತಿಂಗಳುಗಟ್ಟಲೆ ಆಶ್ಚರ್ಯಪಟ್ಟವನಂತೆ ಓಡಾಡಿದ್ದೇನೆ. ಇಷ್ಟಾದರೂ ಬುದ್ಧಿ ಬಂತೇ? ಎಲ್ಲಿ ಬರಬೇಕು!

ನನ್ನ ಹೆಂಡತಿ ಸುಮಿತ್ರಾ ಧಾರವಾಡದವಳು. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ, ಭಜನಾ ಮಂಡಳಿಯಲ್ಲಿ ಹತ್ತು ಜನರ ನಡುವೆ ದಾಸರ ಪದ ಹಾಡಿಕೊಂಡು ಬಂದವಳು. ಈ ಬೇಸಿಗೆಯಲ್ಲಿ ಮಾಟುಂಗದ ಕನ್ನಡ ಸಂಘವೊಂದು ಅವಳೊಬ್ಬಳಿಗೇ ವೇದಿಕೆಯ ಮೇಲೆ ಅರ್ಧ ಗಂಟೆ ಕೊಟ್ಟಿತು, ಭಾನುವಾರ ಸಂಜೆ ಆರಕ್ಕೆ. ಒಂದು ತಿಂಗಳು ಅವಳು ನಸುಕಿನಲ್ಲೆದ್ದು ಸಾಧನೆ ಮಾಡಿದಳು. ಕಾರಿನಲ್ಲೇ ಹೋಗತಕ್ಕದ್ದು ಎಂದು ನಾನು ಘೋಷಿಸಿದೆ.

"ಬ್ಯಾಡ್ರೀ, ನಿಮಗ ಕೈ ಮುಗೀತೀನಿ. ಲೋಕಲ್ ಹಿಡದ್ರ ಮಾಟುಂಗಾ ರೋಡ್ ಸ್ಟೇಶನ್ ಇಲ್ಲೇ ಅದ," ಎಂದಳು.

"ಕಲಾವಿದರು ಲೋಕಲ್‌ನ್ಯಾಗ ಜೋತಾಡಕೋತ ಹೋಗ್ತಾರೇನು? ಮರ್ಯಾದಿ ಅನ್ನೂದು ಬ್ಯಾಡೇನು?" ಎಂದೆ.

ಕಾರನ್ನು ಒಂದು ವಾರ ಸಾವಂತನ ಹತ್ತಿರ ಬಿಟ್ಟೆ. ಅವನು ರೇಡಿಯೇಟರ್ ತೊಳೆದ, ಪೈಪು ಬದಲಿಸಿದ, ಫ್ಯಾನಿನ ಬೆಲ್ಟ್ ಬಿಗಿಮಾಡಿದ, ಹಸಿರು ಕೂಲಂಟ್ ತುಂಬಿದ. ಆಮೇಲೆ ಬಾನೆಟ್ ತಟ್ಟಿ, "ಕಾಕಾ, ಅಬ್ ದಿಲ್ಲಿ ತಕ್ ಲೇಕೇ ಜಾವ್," ಎಂದ. ಮಾಟುಂಗ ಸಾಕಪ್ಪಾ ಎಂದೆ.

ಇಷ್ಟಕ್ಕೇ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಈ ಊರಿನಲ್ಲಿ ಗಲ್ಲಿಯ ಪುಢಾರಿಯ ಹುಟ್ಟುಹಬ್ಬಕ್ಕೂ ರಸ್ತೆ ಕೂಡುವ ನಾಕಾದಲ್ಲಿ ಫ್ಲೆಕ್ಸ್ ಏಳುತ್ತದೆ. ನನ್ನ ಹೆಂಡತಿಗೆ ಬೇಡವೇ? ಅವಳ ದೊಡ್ಡ ಫೋಟೋ, ಕೆಳಗೆ ಕೆಂಪು ಅಕ್ಷರದಲ್ಲಿ ಹೆಸರು ಹಾಕಿಸಿ ಗುಟ್ಟಾಗಿ ಒಂದು ಫ್ಲೆಕ್ಸ್ ಮಾಡಿಸಿದೆ. ಭಾನುವಾರ ಮಧ್ಯಾಹ್ನ ಅದನ್ನು ಕಾರಿನ ಮೂತಿಗೆ ಈ ತುದಿಯಿಂದ ಆ ತುದಿಯವರೆಗೆ ಎಳೆದು ಬಿಗಿದೆ. ಇಳಕಲ್ ಸೀರೆ ಉಟ್ಟು ಶ್ರುತಿಪೆಟ್ಟಿಗೆ ಹಿಡಿದು ಬಂದವಳು ಗಕ್ಕನೆ ನಿಂತಳು.

"ಅಯ್ಯ, ಇದೇನ್ರೀ ಇದು! ನಾ ಏನು ಇಲೆಕ್ಷನ್ನಿಗೆ ನಿಂತೀನೇನು? ಮೊದಲ ಬಿಚ್ಚ್ರಿ ಅದನ್ನ!"

ನಾನು ಬಿಚ್ಚಲಿಲ್ಲ. ಹೆಮ್ಮೆ ನೋಡಿ.

ಹೈವೇ ಹತ್ತಿದ ಸ್ವಲ್ಪ ಹೊತ್ತಿಗೆ ಸೂಜಿ ಅಲ್ಲಾಡಿತು. ಸಾಂತಾಕ್ರೂಜ್ ದಾಟುವಾಗ ಮುಕ್ಕಾಲಿಗೆ ಬಂತು. "ಸೂಜಿ ಏರ್ಲಿಕ್ಕತ್ತದ," ಎಂದಳು. "ಸುಮ್ನ ಕೂಡು, ನೀ ನೋಡಿದ್ದಕ್ಕ ಏರತದ," ಎಂದು ಹರಿಹಾಯ್ದೆ. ಬಾಂದ್ರಾದ ಕಲಾನಗರ ಸಿಗ್ನಲ್ಲಿನಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಕಾರನ್ನು ಹೇಗೋ ಬದಿಗೆ ತಳ್ಳಿ ನಿಲ್ಲಿಸಿದೆ. ಗಂಟೆ ಐದೂ ಕಾಲು. ಸುಮಿತ್ರಾ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಒಂದು ತಿಂಗಳು ಸಾಧನಾ ಮಾಡೀನ್ರೀ," ಎಂದಳು, ಕಣ್ಣಲ್ಲಿ ನೀರು. ಶ್ರುತಿಪೆಟ್ಟಿಗೆ ಎದೆಗವಚಿಕೊಂಡು ರಿಕ್ಷಾ ಹತ್ತಿ ಬಾಂದ್ರಾ ಸ್ಟೇಶನ್ನಿಗೆ ಹೊರಟೇ ಹೋದಳು. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ ಎನಿಸಿತು.

ಅಷ್ಟು ಒಪ್ಪಿಕೊಂಡ ಮೇಲೆ ತಪ್ಪನ್ನು ಸಾವಂತನ ಮೇಲೆ ಹಾಕಲು ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ತಣ್ಣಗೆ, ಕಾರಿನ ಫೋಟೋ ಕಳಿಸು ಎಂದ. ಮುಂದಿನಿಂದ ತೆಗೆದು ಕಳಿಸಿದೆ. ಕೊಂಚ ಹೊತ್ತಿಗೆ ಅವನೇ ಫೋನು ಮಾಡಿದ.

"ಕಾಕಾ, ಗಾಡೀ ಕೀ ನಾಕ್ ದಬಾಕೇ ಪೂಛತೇ ಹೋ, ಗರಮ್ ಕ್ಯೋಂ ಹುಯೀ?" ಗಾಡಿಯ ಮೂಗು ಒತ್ತಿಹಿಡಿದು, ಬಿಸಿ ಯಾಕಾಯಿತು ಎಂದು ಕೇಳುತ್ತೀಯಲ್ಲ ಎಂದು ಅವನ ಪ್ರಶ್ನೆ.

ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿಯಷ್ಟನ್ನೂ ನಾನು ಪ್ಲಾಸ್ಟಿಕ್ಕಿನಿಂದ ಮುಚ್ಚಿದ್ದೆ. ಚಹಾಕ್ಕೆ ಮುಂಚೆ ದಿನಾ ಅದರ ಮುಖ ನೋಡುವ ನನಗೆ ಇದು ಹೊಳೆಯಬೇಡವೇ? ಫ್ಲೆಕ್ಸ್ ಬಿಚ್ಚಿ ಸುತ್ತಿ ಡಿಕ್ಕಿಗೆ ಹಾಕಿದೆ. ಎಂಜಿನ್ ತಣ್ಣಗಾಗಲು ಮುಕ್ಕಾಲು ಗಂಟೆ ಫುಟ್‌ಪಾತಿನ ಮೇಲೆ ಕೂತೆ. ಹೋಗಿಬರುವವರೆಲ್ಲ ಪುಕ್ಕಟೆ ಸಲಹೆ ಕೊಟ್ಟರು. ಆಮೇಲೆ ಮುಚ್ಚಳಕ್ಕೆ ಬಟ್ಟೆ ಹಾಕಿ ಮೆಲ್ಲಗೆ ತಿರುಗಿಸಿ ಕ್ಯಾನಿನ ನೀರು ಸುರಿದೆ. ಮಾಟುಂಗದವರೆಗೂ ಸೂಜಿ ನಡುವಿನಿಂದ ಕದಲಲಿಲ್ಲ.

ನಾನು ಮುಟ್ಟಿದಾಗ ಸಭಾಂಗಣದಲ್ಲಿ ಕುರ್ಚಿ ಮಡಚುತ್ತಿದ್ದರು. ಸುಮಿತ್ರಾ ಮೆಟ್ಟಿಲ ಮೇಲೆ ಕೈಯಲ್ಲಿ ಉಪ್ಪಿಟ್ಟಿನ ಪ್ಲೇಟು ಹಿಡಿದು, ನಾಲ್ಕಾರು ಹೆಂಗಸರ ನಡುವೆ ನಗುತ್ತ ನಿಂತಿದ್ದಳು. ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ತಪ್ಪಾತು. ನಿನ್ನ ಹಾಡು ಕೇಳೂದು ತಪ್ಪಿಹೋತು," ಎಂದೆ.

"ಭಾಳ ಚಂದ ಆತ್ರೀ!" ಎಂದಳು. ಮುಖ ಅರಳಿತ್ತು. "ನೀವು ಇದ್ರ ಮುಂದಿನ ಸಾಲಿನ್ಯಾಗ ಕೂತು, ಕಣ್ಣು ಮುಚ್ಚಿ, ತೊಡಿ ಮ್ಯಾಲ ತಪ್ಪು ತಾಳ ಹಾಕ್ತೀರಿ. ಅದನ್ನ ನೋಡಿ ನಂದೂ ತಪ್ಪತದ. ಇವತ್ತ ಮೊದಲನೇ ಸಲ ನಿಶ್ಚಿಂತಿಯಿಂದ ಹಾಡಿದೆ. ಮುಂದಿನ ತಿಂಗಳ ಮತ್ತ ಕರದಾರ."

"ಮುಂದಿನ ಸಲ ಇಬ್ಬರೂ ಲೋಕಲ್‌ನ್ಯಾಗ ಬರೋಣಂತ," ಎಂದೆ, ಸೋತವನಾಗಿ.

"ಛೇ ಛೇ. ಲೋಕಲ್‌ನ್ಯಾಗ ನಾ ಬರ್ತೀನಿ. ನೀವು ಕಾರ್ ತಗೊಂಡು ಸಾವಕಾಶ ಬರ್ರಿ."

ಕೊಂಡಂದಿನಿಂದ ಇಂದಿನವರೆಗೆ ಅವಳು ನನ್ನ ಕಾರಿನ ಪರವಾಗಿ ಮಾತಾಡಿದ್ದು ಇದೊಂದೇ ಸಲ.