ಸೈಝಿಂಗಿನ್ಯಾಗ ಒಣಗಿಸಿದ ಮೆಣಸಿನಕಾಯಿ

ನೀವು ಇದನ್ನ ನಂಬೂದಿಲ್ಲ. ಬೇಕಾದ್ರ ಶರತ್ತು ಕಟ್ರಿ. ನಮ್ಮ ಈ ಮಗ್ಗದ ಊರು ಇಚಲಕರಂಜ್ಯಾಗ ನನ್ನ ಮಾತು ನಂಬಿದವ್ರು ಇಬ್ಬರ: ಒಬ್ಬ ಹೊಸದಾಗಿ ಬಂದ ಪೋಸ್ಟಮನ್, ಇನ್ನೊಬ್ಬಾಕಿ ಮದುವಿಗಿಂತ ಮೊದಲಿನ ನನ್ನ ಹೆಂಡತಿ.

ಈ ವರ್ಷ ನಮ್ಮ ಹಿತ್ತಲದಾಗ ಮೆಣಸಿನಕಾಯಿ ಬೆಳದ್ವು. ಬೀಜ ಕುರುಂದವಾಡದ್ದು, ಹೆಂಡತಿ ಸುಶೀಲಾನ ತವರಿಂದು. ನೀರು ಹಾಕಿದಾಕಿ ಆಕಿ. ಕಳೆ ಕಿತ್ತಾಕಿನೂ ಆಕಿ. ಬೆಳದಾಂವ ನಾನು, ಅಂತ ಓಣಿಗೆಲ್ಲಾ ಹೇಳೇನಿ.

ಸುಶೀಲಾಗ ಒಂದು ಹಟ ಇತ್ತು. ನಮ್ಮ ಬೀಗತಿ, ಅಂದ್ರ ಮಗಳ ಅತ್ತಿ, ಗಡಹಿಂಗ್ಲಜದಾಕಿ. ಮೆಣಸಿನಕಾಯಿ ಊರಾಕಿ. ಹ್ವಾದ ವರ್ಷ ನಮ್ಮ ಮನಿ ಚಟ್ನಿ ನಾಲಿಗಿಗೆ ಹಚ್ಚಿ, "ಇಚಲಕರಂಜಿಯವ್ರು ನೂಲು ಛಲೋ ಮಾಡ್ತೀರಿ ಬಿಡ್ರಿ" ಅಂದಿದ್ಳು. ಅಷ್ಟ! ಅವತ್ತಿನಿಂದ ನನ್ನ ಹೆಂಡತಿಗೆ ಉಂಡಿದ್ದು ಮೈಗೆ ಹತ್ತಿಲ್ಲ.

"ಈ ಸಲ ನಮ್ಮ ಕಾಯಿ ಚಟ್ನಿ ಆಕಿ ತಾಟಿಗೆ ಹಾಕ್ತೀನಿ. ಸ್ಲ್ಯಾಬಿನ ಮ್ಯಾಲ ಹರವಿ ಬಿಸಲು ತೋರ್ಸ್ರಿ" ಅಂದ್ಳು.

ನಾನು ಒಂದು ಕಾಯಿ ಮ್ಯಾಲ ಎತ್ತಿ ಹಿಡದು, "ನೋಡಪಾ, ಅದs ಬಿಸಲು" ಅಂತ ತೋರಿಸಿದೆ. ಆಕಿ ನಗಲಿಲ್ಲ.

ಹರವಿದ ಮೂರನೇ ದಿನ ಮೋಡ ಮುಚ್ಚಿತು. ಕಾಯಿ ಅರ್ಧಾ ಗರಿಗರಿ, ಅರ್ಧಾ ಮೆತ್ತಗ. ಬೀಗತಿ ಐತವಾರ ಬರಾಕಿ.

"ಬೂಷ್ಟು ಹಿಡದ್ರ ನನ್ನ ಮಾನ ಹೋತ್ರಿ!"

"ನನಗ ಬಿಡು. ಒಂದs ಮಧ್ಯಾಹ್ನದಾಗ ಒಣಗಿಸಿ ತರ್ತೀನಿ."

ಮೂವತ್ತು ವರ್ಷ ನಾನು ಸೈಝಿಂಗ್ ಕಾರ್ಖಾನ್ಯಾಗ ದುಡದಾಂವ. ನೂಲಿಗೆ ಗಂಜಿ ಕುಡಿಸಿ, ಉಗಿಯಿಂದ ಕಾದ ದೊಡ್ಡ ಸಿಲಿಂಡರಿನ ಮ್ಯಾಲ ಹಾಯಿಸಿ ಒಣಗಿಸೋ ಜಾಗಾ ಅದು. ಊರ ತುಂಬ ಸುತ್ತುವಷ್ಟು ನೂಲು ಒಣಗಿಸಿದಾಂವಗ ಒಂದು ಚೀಲ ಮೆಣಸಿನಕಾಯಿ ಯಾವ ಲೆಕ್ಕ?

ಚೀಲ ಹೊತ್ತು ಹೋಗಿ, ಕಾರ್ಖಾನ್ಯಾಗ ಕುಂತು ಕಾಯಿಗಳನ್ನ ಅಲ್ಲಿದ್ದ ನೂಲಿನ್ಯಾಗ ಪೋಣಿಸಿ ಮಾಲಿ ಮಾಡಿದೆ. ಮಷೀನ್ ನೋಡ್ಕೊಳ್ಳೋ ದಾದೂ, ನನ್ನ ಹಳೇ ಶಿಷ್ಯ, "ಕಾಕಾ, ಹೇ ನಕೋ, ಇದು ಬ್ಯಾಡ್ರಿ" ಅಂದ.

"ನಿನಗ ಕೆಲಸ ಕಲಿಸಿದಾಂವ ಯಾರಲೇ?"

"ತುಮ್ಹೀಚ, ನೀವs."

"ಹಂಗಾರ ಸುಮ್ಮನಿರು."

ಸುಮ್ಮನಿದ್ದ. ಅದs ತಪ್ಪಾತು.

ಮಾಲಿ ಸಿಲಿಂಡರಿನ ಮ್ಯಾಲಿನ ಕಬ್ಬಿಣದ ಸಳಿಗೆ ಕಟ್ಟಿದೆ. ಆದ್ರ ಪೋಣಿಸಿದ್ದು ನೂಲಿನ್ಯಾಗ ನೋಡ್ರಿ, ಕೆಳಗ ಓಡೋ ನೂಲು ಕಂಡಿದ್ದs ತಡ, ಅದರ ಕೂಡ ಹೊಂಟು ಹೋತು! ಕಾಯಿ ಮೊದಲನೇ ಸಿಲಿಂಡರಿಗೆ ಅಂಟಿದ್ವು, ಎರಡನೇದರಾಗ ನುರದ್ವು, ಮೂರನೇದರ ಮ್ಯಾಲ ಹುರದ್ವು. ಒಣಗಿದ್ದು ಮಾತ್ರ ಖರೇ.

ಘಾಟು ಎದ್ದಿತು. ಹನ್ನೆರಡು ಮಂದಿ ಕೆಲಸಗಾರರು ಕೆಮ್ಮಿಕೋತ, ಕಣ್ಣು ಒರಸ್ಕೋತ ರಸ್ತೇಕ ಓಡಿದ್ರು. ನಾನೊಬ್ಬನ ಒಳಗ ಉಳದ ಕಾಯಿ ಆರಸಾಕತ್ತಿದ್ದೆ.

ಹೊರಗ ಚಹಾದಂಗಡಿಯಾಂವ, "ಕಾಯ್ ಝಾಲಂ? ಏನಾತು?" ಅಂದ. ದಾದೂಗ ಉಸಿರು ಸಿಗವಲ್ದು. ಒಳಗ ಕೈ ಮಾಡಿ, "ಕಾಕಾ... ಕಾಕಾ..." ಅಂದ. ಕಣ್ಣಾಗ ಧಾರಾಕಾರ ನೀರು. ಚಹಾದಾಂವ ತಲಿಮ್ಯಾಗಿನ ಟೋಪಿ ತಗದ. ಮುಂದಿನ ಕೆಲಸ, ಗಡಹಿಂಗ್ಲಜ ತನಕ, ಮೊಬೈಲ್ ಮಾಡಿದ್ವು.

ನಾನು ಆರಿಸಿದ ಕಾಯಿ ಚೀಲಕ್ಕ ಹಾಕ್ಕೊಂಡು ಹಿಂದಿನ ಬಾಗಲದಿಂದ ಹೊಂಟು, ನಡಕೋತ ಮನಿಗೆ ಬಂದ್ರ ಬಾಗಲ ಮುಂದ ಮಂದಿಯೋ ಮಂದಿ! ನಾನೂ ಹಿಂದ ನಿಂತೆ.

"ಯಾರು ಹೋದ್ರಿ?"

ಮುಂದಿನಾಂವ ಹೊರಳಿ ಸೈತ ನೋಡಲಾರದ, "ಆ ಸುಳ್ಳಬುರಕ ಮುದುಕ" ಅಂದ.

"ಭಾಳ ಛಲೋ ಮನಿಷಾ ಇದ್ದ" ಅಂತ ನಾನ ಹೇಳಬೇಕಾತು.

ಅಷ್ಟ್ರಾಗ ಸುಶೀಲಾ ನನ್ನ ನೋಡಿದ್ಳು. ಮಂದ್ಯಾಗ ದಾರಿ ಮಾಡ್ಕೊಂಡು ಓಡಿ ಬಂದು, ನನ್ನ ಕೈ ಹಿಡದು, "ಬದುಕೀರಲ್ರಿ!" ಅಂತ ಗೊಳೋ ಅಂತ ಅತ್ಲು.

ಮಂದಿ ಇನ್ನೂ ಕರಗಿರಲಿಲ್ಲ, ಗಡಹಿಂಗ್ಲಜದಿಂದ ಜೀಪ ಬಂದು ನಿಂತಿತು. ಸಾವಾದ ಮನ್ಯಾಗ ಒಲಿ ಹಚ್ಚೂದಿಲ್ಲ, ಬೀಗರು ಬುತ್ತಿ ತರಬೇಕು. ಬೀಗತಿ ರೊಟ್ಟಿ ಗಂಟು, ಕಡ್ಲಿಹಿಟ್ಟಿನ ಝುಣಕ, ಮ್ಯಾಲ ತನ್ನ ಹೊಲದ ಕಾಯಿದು ಒಂದು ಡಬ್ಬಿ ಚಟ್ನಿ ತಂದಿದ್ಳು. ನನ್ನ ಮುಖ ನೋಡಿ, ಗಂಟು ನನ್ನ ಮುಂದನ ಬಿಚ್ಚಿದ್ಳು.

"ತಂದದ್ದು ತಂದೇನಿ, ಉಣ್ರಿ."

ನನ್ನ ಸಾವಿನ ಊಟ ನಾನ ಉಂಡೆ. ಚಟ್ನಿ ಭಾಳ ಛಲೋ ಇತ್ತು. ಎರಡನೇ ಸಲ ಬೇಡಿದೆ. ಸುಶೀಲಾ ಉಳದ ಕರೀ ಕಾಯಿಗಳನ್ನ ಸೆರಗಿನ್ಯಾಗ ಮುಚ್ಚಿಕೊಂಡು ನನ್ನ ಕಡೆ ನೋಡಿದ್ಳು. ನಿಜವಾಗಿ ಸತ್ತಿದ್ರ ಛಲೋ ಇತ್ತು ಅನಿಸಿತು.

ಇಷ್ಟರಾಗ ನಾನು ಕೂಡಿಸಿದ ಸುಳ್ಳು ಒಂದs. ಸುಶೀಲಾ ಓಡಿ ಬಂದದ್ದು ಖರೇ. ಅತ್ತಿಲ್ಲ. ನನ್ನ ಮುಖಾನೂ ನೋಡಿಲ್ಲ. ಚೀಲದಾಗ ಕೈ ಹಾಕಿ ತಡಕಾಡಿ ಕೇಳಿದ್ಳು:

"ಇಷ್ಟ ಉಳದಾವೇನ್ರಿ?"