ತೂಕಕ್ಕೆ ಬಿಚ್ಚಿದ ಕಾರು

ಸುಲ್ತಾನ್ ಬತ್ತೇರಿಯಲ್ಲಿ ಹೊಗೆಸೊಪ್ಪು, ಬೆಲ್ಲ, ಹಗ್ಗ ಮಾರುತ್ತಿದ್ದ ಗುರುಮಲ್ಲಪ್ಪನವರು ಕೆಟ್ಟ ಮನುಷ್ಯರಲ್ಲ. ಕೊಡುವ ವಿಷಯ ಬಂದಾಗ ಮಾತ್ರ ಅವರ ಕೈ ಸ್ವಲ್ಪ ಸೆಟೆದುಕೊಳ್ಳುತ್ತಿತ್ತು, ಅದರಲ್ಲೂ ಸರ್ಕಾರಕ್ಕೆ ಕೊಡುವಾಗ. ಇದು ವಂಶದಲ್ಲೇ ಬಂದದ್ದು. ಗುಂಡ್ಲುಪೇಟೆಯಿಂದ ಎತ್ತಿನ ಗಾಡಿಯಲ್ಲಿ ವಯನಾಡಿಗೆ ಬಂದ ಅವರ ತಂದೆ, ದಾರಿಯ ಸುಂಕದ ಕಟ್ಟೆಯಲ್ಲಿ ಎರಡಾಣೆ ಉಳಿಸಲು ಅರ್ಧ ಬುಟ್ಟಿ ಬೆಲ್ಲವನ್ನು ಅಲ್ಲೇ ಕೂತು ತಿಂದು ಮುಗಿಸಿದ್ದರಂತೆ. (ಆಮೇಲೆ ವೈದ್ಯರಿಗೆ ಎಷ್ಟು ಕೊಟ್ಟರು ಎಂಬುದನ್ನು ಮನೆಯಲ್ಲಿ ಯಾರೂ ಹೇಳುವುದಿಲ್ಲ.)

ಇಂಥ ಮನೆತನಕ್ಕೆ ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಪರದೇಶದ ಕಾರೊಂದು ಬಂತು.

ಕಾರು ಗುರುಮಲ್ಲಪ್ಪನವರ ಭಾವ ಪುಟ್ಟಬಸಪ್ಪನವರದ್ದು. ಅವರು ಹದಿನೆಂಟು ವರ್ಷ ಏಡನ್ ಬಂದರಿನಲ್ಲಿ ಇಂಗ್ಲಿಷರ ಕಂಪನಿಯೊಂದರ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಇಂಗ್ಲಿಷರು ಅಲ್ಲಿಂದ ಹೊರಟ ಮೇಲೆ ಇವರೂ ಪೆಟ್ಟಿಗೆ ಕಟ್ಟಿದರು. ಹನ್ನೊಂದು ವರ್ಷ ಓಡಿಸಿದ್ದ ಹಸಿರು ಬಣ್ಣದ ಆಸ್ಟಿನ್ ಕಾರನ್ನು ಬಿಟ್ಟು ಬರಲು ಮನಸ್ಸಾಗದೆ ಹಡಗಿಗೆ ಹತ್ತಿಸಿದರು. ಆದರೆ ಊರಿಗೆ ಬರುವಷ್ಟರಲ್ಲಿ ಕಣ್ಣಿಗೆ ಪೊರೆ ಕವಿದಿತ್ತು. ತಂಗಿ, ಅಂದರೆ ಗುರುಮಲ್ಲಪ್ಪನವರ ಹೆಂಡತಿ ಸರೋಜಮ್ಮನಿಗೆ ಕಾಗದ ಬರೆಸಿದರು: ಮದುವೆಯಲ್ಲಿ ನಿನಗೆ ಏನೂ ಕೊಡಲಾಗಲಿಲ್ಲ, ಇದನ್ನು ಬಳುವಳಿ ಎಂದುಕೊ, ಕಾರು ಕೊಚ್ಚಿ ಬಂದರಿನಲ್ಲಿದೆ, ಕಟ್ಟಬೇಕಾದ್ದನ್ನು ನಿನ್ನ ಯಜಮಾನರು ಕಟ್ಟಿ ಬಿಡಿಸಿಕೊಳ್ಳಲಿ.

ಗುರುಮಲ್ಲಪ್ಪನವರು ಆ ಕಾಗದದಲ್ಲಿ ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿ ಊರಿಗೆಲ್ಲ ಚಾಯ ಕುಡಿಸಿದರು. ಕೊನೆಯ ವಾಕ್ಯ ಅವರಿಗೆ ಅರ್ಥವಾದದ್ದು ಕೊಚ್ಚಿಯಲ್ಲಿ. ಭಾವ ಆ ಕಾರನ್ನು ಎಷ್ಟಕ್ಕೆ ಕೊಂಡಿದ್ದರು ಎಂಬುದಕ್ಕೂ ಸುಂಕದವರಿಗೂ ಸಂಬಂಧವೇ ಇರಲಿಲ್ಲ. ಅವರ ಬಳಿ ದಪ್ಪ ಪುಸ್ತಕವೊಂದಿತ್ತು, ಅದರಲ್ಲಿ ಹೊಸ ಆಸ್ಟಿನ್ನಿನ ಬೆಲೆಯಿತ್ತು, ಅದರಿಂದ ಒಂದಿಷ್ಟು ಕಳೆದು ಉಳಿದದ್ದರ ಮೇಲೆ ಸುಂಕ ಹಾಕಿದರು. ನೆಲದ ತಗಡು ಉಪ್ಪು ತಿಂದಿದೆ, ಬಲಗಡೆ ದೀಪ ಹತ್ತುವುದಿಲ್ಲ, ಹೆಂಡತಿಗೆ ಮಂಡಿನೋವು, ಎಂದೆಲ್ಲ ಗುರುಮಲ್ಲಪ್ಪನವರು ಹೇಳಿಕೊಂಡರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಯಾರು ಮಾಡಿದ್ದೋ, ಅವನೂ ಒಂದು ಕಾರು ತರಿಸಿದ್ದಿರಬೇಕು. ಕೊನೆಗೆ ತೋಟದ ಒಂದು ವರ್ಷದ ಮೆಣಸು ಮಾರಿದ ಹಣವೆಲ್ಲ ಬಂದರಿನಲ್ಲೇ ಕರಗಿತು.

ಇನ್ನು ಉಳಿದದ್ದು ಕೋಳಿಕ್ಕೋಡಿನಲ್ಲಿ ಕಾರನ್ನು ನೋಂದಾಯಿಸಿ ರಸ್ತೆ ತೆರಿಗೆ ಕಟ್ಟುವುದು. ಕಾರಿನ ಒಡತಿ ಸರೋಜಮ್ಮನಾದ್ದರಿಂದ ಆಕೆಯ ಸಹಿ ಬೇಕಿತ್ತು. ಹಾಗಾಗಿ ಗಂಡ, ಹೆಂಡತಿ, ಮತ್ತು ಗುಂಡ್ಲುಪೇಟೆಯಲ್ಲಿ ಲಾರಿ ಓಡಿಸುತ್ತಿದ್ದ ಚಿಕ್ಕಮಾದು, ಮೂವರೂ ಕಾರಿನ ಸಮೇತ ಕೋಳಿಕ್ಕೋಡಿನಲ್ಲಿ ಇಳಿದರು. ಚಿಕ್ಕಮಾದು ಮಾದಪ್ಪನಿಗೆ ಹರಕೆ ಹೊತ್ತು ಗಡ್ಡ ಬಿಟ್ಟಿದ್ದ. ಗಡ್ಡ ಎದೆಯವರೆಗೆ ಇಳಿದಿತ್ತು.

ಅಲ್ಲಿ ಸಿಕ್ಕಿದವನು ಏಜೆಂಟ್ ಗೋಪಾಲನ್. ಕಚೇರಿಯ ಎದುರಿನ ಮಾವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ತುಂಬುವವನು. ಅವನು ಹೇಳಿದ ಒಂದು ಮಾತು ಗುರುಮಲ್ಲಪ್ಪನವರ ತಲೆಯೊಳಗೆ ದೀಪ ಹಚ್ಚಿತು. ಕಾರಿನ ತೆರಿಗೆ ಬೆಲೆಯ ಮೇಲಲ್ಲ, ತೂಕದ ಮೇಲೆ. ಖಾಲಿ ಗಾಡಿ ಎಷ್ಟು ತೂಗುತ್ತದೋ ಅದಕ್ಕೆ ತಕ್ಕ ತೆರಿಗೆ.

ತೂಕ ಎಂದರೆ ಗುರುಮಲ್ಲಪ್ಪನವರು ಮೂವತ್ತು ವರ್ಷ ತಪಸ್ಸು ಮಾಡಿದ ವಿದ್ಯೆ.

ಶನಿವಾರ ಬೆಳಿಗ್ಗೆ, ಮರದ ಡಿಪೋ ಪಕ್ಕದಲ್ಲಿ ಲಾರಿ ತೂಗುವ ಕಾಟಾದ ಹತ್ತಿರ, ಕಾರಿನ ವಸ್ತ್ರಾಪಹರಣ ಶುರುವಾಯಿತು. ಹಿಂದಿನ ಸೀಟು ಹೊರಗೆ ಬಂತು. ಡ್ರೈವರ್ ಪಕ್ಕದ ಸೀಟು ಬಂತು. ಸ್ಟೆಪ್ನಿ, ಜಾಕು, ಸಾಮಾನಿನ ಪೆಟ್ಟಿಗೆ, ಕಾಲಡಿಯ ಚಾಪೆ, ಹಿಂದೆ ಮುಂದೆ ಇದ್ದ ಬಂಪರುಗಳು ಬಂದವು. ಪೆಟ್ರೋಲನ್ನು ಡಬ್ಬಕ್ಕೆ ಇಳಿಸಲಾಯಿತು. ಅಡಿಯಲ್ಲಿ ಮೆತ್ತಿದ್ದ ಏಡನ್ನಿನ ಮಣ್ಣನ್ನು ಕೆರೆಸಲಾಯಿತು. ಗುರುಮಲ್ಲಪ್ಪನವರು ಬಾಗಿಲಿನ ತಿರುಪಿಗೆ ಕೈ ಹಾಕಿದಾಗ ಚಿಕ್ಕಮಾದು ಅಡ್ಡ ನಿಂತ.

"ಬಾಗ್ಲೂ ಬಿಚ್ಬುಟ್ರೆ ಇದು ಕಾರಲ್ಲ ಬುದ್ಧಿ, ಕಬ್ಬಿನ ಗಾಡಿ ಆಯ್ತದೆ," ಎಂದ.

ಸರೋಜಮ್ಮ ಮೊದಲಿನಿಂದಲೂ ಇದು ಬೇಡ ಅಂದಿದ್ದಳು. ಕೇಳುವವರಿಲ್ಲ ಎಂದು ಗೊತ್ತಾದ ಮೇಲೆ ಅಂಗಡಿಯ ಚೀಟಿಯೊಂದರ ಹಿಂಭಾಗದಲ್ಲಿ ಬಿಚ್ಚಿದ್ದನ್ನೆಲ್ಲ ಬರೆದಿಡತೊಡಗಿದಳು. ಅಣ್ಣ ಕೊಟ್ಟ ಕಾರು, ಒಂದು ಮೊಳೆ ಹೋದರೂ ಕೇಳುವವಳು ತಾನೇ ಎಂಬುದು ಅವಳ ಲೆಕ್ಕ. ದೊಡ್ಡ ಸೀಟು ೧, ಸಣ್ಣ ಸೀಟು ೧, ಚಕ್ರ ೧, ಕಬ್ಬಿಣದ ತೋಳು ೨. (ಬಂಪರಿಗೆ ಏನು ಹೇಳುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ.)

ಕಾರನ್ನು ತೂಗಿದ್ದಾಯಿತು. ತೂಕದ ಚೀಟಿ ಸಿಕ್ಕಿತು, ಅದರ ಜೊತೆ ಸರೋಜಮ್ಮ ಬರೆದ ಚೀಟಿಯೂ ಗುರುಮಲ್ಲಪ್ಪನವರ ಜೇಬು ಸೇರಿತು. ಅಷ್ಟು ಹೊತ್ತಿಗೆ ಕಚೇರಿ ಮುಚ್ಚಿತ್ತು. ತೆರಿಗೆಯ ಲೆಕ್ಕ ಸೋಮವಾರ ಎಂದ ಗೋಪಾಲನ್. ಎರಡು ರಾತ್ರಿ ಲಾಡ್ಜಿಗೆ ಬಾಡಿಗೆ ಕೊಡುವ ಪೈಕಿಯಲ್ಲ ಗುರುಮಲ್ಲಪ್ಪನವರು. ಸೋಮವಾರ ಮತ್ತೆ ತೂಗಿದರೂ ತೂಗಬಹುದೆಂದು ಬಿಚ್ಚಿದ್ದನ್ನು ಮರಳಿ ಕೂರಿಸಲಿಲ್ಲ. ಸಾಮಾನು ಕೋಳಿಕ್ಕೋಡಿನಲ್ಲಿದ್ದರೆ ಯಾರ ಕಣ್ಣಿಗಾದರೂ ಬಿದ್ದೀತು ಎಂದು ಅದನ್ನು ಸರಕು ಇಳಿಸಿ ಬತ್ತೇರಿಗೆ ಮರಳುತ್ತಿದ್ದ ಮೆಣಸಿನ ಲಾರಿಗೆ ಏರಿಸಿದರು. ಇಳಿಸಿದ್ದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿ ಸುರಿದು, ತಾವು ಸೀಟಿಲ್ಲದ ಕಾರಿನಲ್ಲಿ ಗೋಣಿಚೀಲ ಹಾಸಿಕೊಂಡು ಘಟ್ಟ ಹತ್ತಿದರು. ಹಿಂದೆ ಸರೋಜಮ್ಮ ಅಕ್ಕಿಮೂಟೆಯ ಮೇಲೆ ಕೂತಿದ್ದಳು. ಘಟ್ಟದ ಒಂಬತ್ತು ತಿರುವುಗಳಲ್ಲೂ ಅವಳು ಮೂಟೆಯ ಜೊತೆ ಅತ್ತಿಂದಿತ್ತ ಜಾರಿದಳು.

ಪುಲ್ಪಳ್ಳಿಯಲ್ಲಿ ನಕ್ಸಲರು ಪೊಲೀಸರ ಮೇಲೆ ಬಿದ್ದ ಗಲಾಟೆ ಆಗಿ ಎರಡು ವರ್ಷವಾಗಿದ್ದರೂ ವಯನಾಡಿನಲ್ಲಿ ಪೊಲೀಸರ ಓಡಾಟ ಕಡಿಮೆಯಾಗಿರಲಿಲ್ಲ. ನಕ್ಸಲರು ಇಂದು ತಿರುನೆಲ್ಲಿ ಕಾಡಲ್ಲಿದ್ದಾರೆ, ನಾಳೆ ಇನ್ನೊಬ್ಬ ಜನ್ಮಿಯ, ಎಂದರೆ ಜಮೀನ್ದಾರನ, ಮನೆಗೆ ನುಗ್ಗುತ್ತಾರೆ ಎಂಬ ಸುದ್ದಿ ವಾರಕ್ಕೊಂದು ಹುಟ್ಟುತ್ತಿತ್ತು. ಘಟ್ಟ ಹತ್ತಿ ಕೆಲವು ಮೈಲಿ ಬಂದ ಮೇಲೆ ಬಂದೂಕು ಹಿಡಿದ ಪೊಲೀಸರು ರಸ್ತೆಗೆ ಬಿದಿರು ಅಡ್ಡ ಕಟ್ಟಿದ್ದರು. ಅವರಿಗೆ ಕಂಡದ್ದು ಇಷ್ಟು: ರಟ್ಟಿನ ಮೇಲೆ ಬರೆದ ತಾತ್ಕಾಲಿಕ ನಂಬರು, ಹೆಸರೇ ಕೇಳದ ವಿದೇಶಿ ಕಾರು, ಎದೆಯವರೆಗೆ ಗಡ್ಡ ಬಿಟ್ಟ ಡ್ರೈವರು, ಒಳಗೆ ಸೀಟಿಲ್ಲ.

ಸೀಟು ತೆಗೆದು ಏನನ್ನು ತುಂಬಿ ಸಾಗಿಸುತ್ತಿದ್ದೀರಿ ಎಂದು ಕೇಳಿದರು. ಗುರುಮಲ್ಲಪ್ಪನವರಿಗೆ ನಿಜ ಹೇಳುವ ಹಾಗಿಲ್ಲ, ಸುಳ್ಳು ಹೊಳೆಯುತ್ತಿಲ್ಲ. ಸೀಟಿನಲ್ಲಿ ತಿಗಣೆ ಇತ್ತು ಎಂದರು. ಸ್ಟೆಪ್ನಿಯಲ್ಲೂ ತಿಗಣೆಯೇ ಎಂದು ಕೇಳಿದ ಪೇದೆಯೊಬ್ಬ ಅವರ ಜೇಬು ತಡಕಿ ಸರೋಜಮ್ಮ ಬರೆದ ಚೀಟಿಯನ್ನು ಹೊರತೆಗೆದ. ಕನ್ನಡ ಅವನಿಗೆ ಬಾರದು. ಸಾಲಾಗಿ ಕಂಡ ಗುಂಡಗಿನ ಒಂದುಗಳನ್ನು ನೋಡಿ, ಇವು ಬಾಂಬಿನ ಗುರುತು ಎಂದು ತೀರ್ಮಾನಿಸಿದ. ಮೂವರನ್ನೂ ಪಕ್ಕದ ಕ್ಯಾಂಪಿಗೆ ಕರೆದೊಯ್ದರು.

ಕ್ಯಾಂಪಿನ ಇನ್ಸ್‌ಪೆಕ್ಟರ್ ತಿರುವಿದಾಂಕೂರಿನ ಕಡೆಯವರು, ವಯನಾಡಿಗೆ ಬಂದು ಎರಡು ತಿಂಗಳಾಗಿತ್ತು. ಗಡ್ಡದ ಚಿಕ್ಕಮಾದುವನ್ನು ಒಂದು ಮೂಲೆಯಲ್ಲಿ ಕೂರಿಸಿದರು. ಹರಕೆಯ ವಿಷಯ ಅವನು ಎಷ್ಟು ಹೇಳಿದರೂ ಯಾರೂ ಒಪ್ಪಲಿಲ್ಲ. ಜಗಲಿಯ ಮೇಲೆ ನೂಲ್ಪುಳ ಕಡೆಯ ಐದಾರು ಕೂಲಿಯಾಳುಗಳು ಕುಕ್ಕರಗಾಲಲ್ಲಿ ಕೂತಿದ್ದರು. ತಾವೇ ಉತ್ತು ನೆಟ್ಟ ಗದ್ದೆಯಿಂದ ಎದ್ದು ಹೋಗಿ ಅಂದರೆ ಹೋಗಲಿಲ್ಲ ಎಂದು ಹಿಡಿದು ತಂದವರು. ಅವರಲ್ಲೊಬ್ಬ ಗುಂಡ, ಗುರುಮಲ್ಲಪ್ಪನವರ ಅಂಗಡಿಗೆ ವಾರವಾರ ಬರುವವನು. ಅವನು ಇವರನ್ನು ಕಂಡು ಗುರುತಿನ ನಗೆ ನಕ್ಕ. ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಯಿತು.

ಇವನು ನಿಮ್ಮ ಕೂಟದವನೇ ಎಂದು ಗುಂಡನನ್ನು ಕೇಳಿದರು. ಗುರುಮಲ್ಲಪ್ಪನವರ ಜೀವ ಗುಂಡನ ತುಟಿಯ ಮೇಲೆ ಬಂದು ಕೂತಿತು. ಗುಂಡ ಅವಸರವಿಲ್ಲದೆ ತನ್ನ ಮಲಯಾಳದಲ್ಲಿ ಹೇಳಿದ.

"ಅಲ್ಲ ಸಾರೇ. ಇವ್ರು ನಮ್ಮ ಕೂಟ ಆಗಾಕಿಲ್ಲ. ಇವ್ರ ತಕ್ಕಡೀಲಿ ಅರ್ಧ ಕಿಲೋ ಹೊಗೆಸೊಪ್ಪು ಅಂದ್ರೆ ನಾನೂರೈವತ್ತು ಗ್ರಾಮೇ ಬರೋದು."

ಇನ್ಸ್‌ಪೆಕ್ಟರ್ ಗುರುಮಲ್ಲಪ್ಪನವರ ಕಡೆ ತಿರುಗಿ ಇದು ನಿಜವೇ ಎಂದರು. ಬೇರೆ ದಿನವಾಗಿದ್ದರೆ ಈ ಮಾತಿಗೆ ಅವರು ಕೋರ್ಟು ಹತ್ತುತ್ತಿದ್ದರು. ಈಗ ಎರಡೂ ಕೈ ಜೋಡಿಸಿ, ನಿಜ ಸಾರ್, ಒಂದೊಂದು ಸಲ ನಾನೂರ ಇಪ್ಪತ್ತೂ ಕೊಟ್ಟಿದ್ದೇನೆ ಎಂದು ಭಕ್ತಿಯಿಂದ ಒಪ್ಪಿಕೊಂಡರು. ಗುಂಡನ ಜೊತೆಯವರು ತಮ್ಮ ತಮ್ಮೊಳಗೆ ಏನೋ ಹೇಳಿಕೊಂಡು ತಲೆಯಾಡಿಸಿದರು.

ಆದರೂ ಚೀಟಿ ಉಳಿದಿತ್ತು. ಯಾರು ಬರೆದದ್ದು ಎಂದಾಗ ಸರೋಜಮ್ಮ ಮುಂದೆ ಬಂದಳು. ಬತ್ತೇರಿಯಲ್ಲೇ ಹುಟ್ಟಿ ಮಲಯಾಳ ಶಾಲೆಗೆ ಹೋದವಳು, ಓದಿ ಅರ್ಥ ಹೇಳಲು ಕಷ್ಟವೇನಿರಲಿಲ್ಲ. ಗುರುಮಲ್ಲಪ್ಪನವರು ಇನ್ಸ್‌ಪೆಕ್ಟರ ಬೆನ್ನ ಹಿಂದೆ ನಿಂತು ಹುಬ್ಬು, ಕಣ್ಣು, ಮೂಗು ಮೂರರಿಂದಲೂ ಸನ್ನೆ ಮಾಡಿದರು: ಏನಾದರೂ ಓದು, ಅಡುಗೆ ಸಾಮಾನು ಎನ್ನು, ಮದುವೆಯ ಪಟ್ಟಿ ಎನ್ನು. ಸರೋಜಮ್ಮ ಒಮ್ಮೆ ಗಂಡನನ್ನು ನೋಡಿದಳು. ಇನ್ನೊಮ್ಮೆ ಮೂಲೆಯಲ್ಲಿದ್ದ ಚಿಕ್ಕಮಾದುವನ್ನು ನೋಡಿದಳು. ಅವನ ಹಿಂದೆ ಪೇದೆಯೊಬ್ಬ ಲಾಠಿ ಹಿಡಿದು, ಅಪ್ಪಣೆಗಾಗಿ ಕಾಯುತ್ತ ನಿಂತಿದ್ದ.

ಅವಳು ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಓದಿ ಮುಗಿಸಿ, ಇವೆಲ್ಲ ನಮ್ಮ ಕಾರಿನ ಭಾಗಗಳು, ತೂಕ ಕಡಿಮೆ ತೋರಿಸಿ ತೆರಿಗೆ ಉಳಿಸಲು ನಮ್ಮ ಯಜಮಾನರೇ ನಿಂತು ಬಿಚ್ಚಿಸಿದ್ದು, ಸಾಮಾನು ಮೆಣಸಿನ ಲಾರಿಯಲ್ಲಿ ಬರುತ್ತಿದೆ, ಬೇಕಾದರೆ ತಡೆದು ನೋಡಿ, ಎಂದು ಸ್ಪಷ್ಟವಾದ ಮಲಯಾಳದಲ್ಲಿ ಹೇಳಿದಳು.

ಮುಕ್ಕಾಲು ಗಂಟೆಯಲ್ಲಿ ಲಾರಿ ಬಂತು. ಚೀಟಿಯಲ್ಲಿದ್ದದ್ದೆಲ್ಲ ಒಂದೂ ತಪ್ಪದೆ ಇಳಿಯಿತು. ಕಬ್ಬಿಣದ ತೋಳುಗಳನ್ನು ಕಂಡಾಗ ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ನಕ್ಸಲೀಯನ ಬದಲು ತೆರಿಗೆಗಳ್ಳ ಸಿಕ್ಕಿದ ಎಂದು ಅವರಿಗೆ ಸಮಾಧಾನವೋ ನಿರಾಸೆಯೋ ಹೇಳುವುದು ಕಷ್ಟ. ಚಿಕ್ಕಮಾದುವನ್ನು ಬಿಟ್ಟರು. ಆಮೇಲೆ ಕೂತು, ಈ ಗಾಡಿಯನ್ನು ಎಲ್ಲ ಭಾಗಗಳ ಸಮೇತ ಮತ್ತೆ ತೂಗಬೇಕೆಂದು ಕೋಳಿಕ್ಕೋಡಿನ ಕಚೇರಿಗೆ ಕಾಗದ ಬರೆಯತೊಡಗಿದರು. ಗುರುಮಲ್ಲಪ್ಪನವರು ಮೆಲ್ಲಗೆ ಹತ್ತಿರ ಹೋಗಿ, ಮೊದಲಿನ ಆಪಾದನೆಯೇ ಇದ್ದರೆ ದಂಡ ಎಷ್ಟಾಗುತ್ತಿತ್ತು ಎಂದು ವಿಚಾರಿಸಿದರು. ಜೈಲು ಎಂದರು ಇನ್ಸ್‌ಪೆಕ್ಟರ್. ಅಲ್ಲಿ ಊಟ ಸರ್ಕಾರದ್ದೇ ಅಲ್ಲವೇ ಎಂದು ಗುರುಮಲ್ಲಪ್ಪನವರು ಕೇಳಿದರೆಂದು ಚಿಕ್ಕಮಾದು ಈಗಲೂ ಹೇಳುತ್ತಾನೆ, ಆದರೆ ಅವನು ಗಾಬರಿಯಲ್ಲಿದ್ದ, ನಂಬುವಂತಿಲ್ಲ.

ಹೊರಡುವ ಮೊದಲು ಸರೋಜಮ್ಮ ಬುತ್ತಿ ಬಿಚ್ಚಿ ಹುಳಿಯನ್ನವನ್ನು ಜಗಲಿಯ ಮೇಲಿದ್ದವರಿಗೆ ಹಂಚಿದಳು. ಪೇದೆಗಳು ಬೇಡವೆನ್ನಲಿಲ್ಲ. ಗುಂಡನನ್ನೂ ಜೊತೆಯವರನ್ನೂ ಬಿಟ್ಟದ್ದು ಹದಿನೈದು ದಿನದ ಮೇಲೆ, ಅಷ್ಟರಲ್ಲಿ ಗದ್ದೆಯ ಕುಯ್ಲನ್ನು ಯಾರೋ ಮಾಡಿ ಮುಗಿಸಿದ್ದರು.

ಮನೆಗೆ ಬಂದ ಮೇಲೆ ಗುರುಮಲ್ಲಪ್ಪನವರು ಭಾನುವಾರವಿಡೀ ಹೆಂಡತಿಯನ್ನು ದೂರಿದರು.

"ಗಂಡನ ಮಾನ ಕಳೆಯೋಕೆ ಅಷ್ಟು ಚೆನ್ನಾಗಿ ಮಲಯಾಳ ಮಾತಾಡ್ಬೇಕಿತ್ತಾ? ಅಡುಗೆ ಸಾಮಾನು ಅಂದಿದ್ರೆ ನಿಂಗೇನಾಗ್ತಿತ್ತು?"

"ಮಾದೂಗೆ ಏಟು ಬೀಳ್ತಿತ್ತು," ಎಂದಳು ಸರೋಜಮ್ಮ. "ಏಟಿಗೂ ತೂಕ ನೋಡ್ತಿದ್ರಾ ನೀವು?"

ಸೋಮವಾರ ಬೆಳಿಗ್ಗೆ ಸೀಟು, ಸ್ಟೆಪ್ನಿ, ಬಂಪರುಗಳನ್ನೆಲ್ಲ ಕೂರಿಸಿಕೊಂಡ ಆಸ್ಟಿನ್ ಮತ್ತೆ ಘಟ್ಟ ಇಳಿಯಿತು. ಮದುಮಗಳಿಗೆ ಒಡವೆ ಹಾಕಿದಂತೆ ಕಾಣುತ್ತಿತ್ತು ಕಾರು. ಗುರುಮಲ್ಲಪ್ಪನವರಿಗೆ ಪ್ರತಿಯೊಂದು ಒಡವೆಯ ಮೇಲೂ ತೆರಿಗೆ ಕಾಣುತ್ತಿತ್ತು. ಇನ್ಸ್‌ಪೆಕ್ಟರ ಕಾಗದ ನೋಡಿ ಗೋಪಾಲನ್ ಮಾವಿನ ಮರದ ಕೆಳಗಿನ ಮೇಜನ್ನು ಎತ್ತಿಕೊಂಡು ಎಲ್ಲಿಗೋ ಹೋದ. ಕಾಟಾದವನು ಎರಡನೆಯ ಸಲವೂ ಕೂಲಿ ವಸೂಲು ಮಾಡಿ ಹೊಸ ಚೀಟಿ ಕೊಟ್ಟ. ಒಂದೂವರೆ ಕ್ವಿಂಟಲ್ ಹೆಚ್ಚಿತ್ತು.

ಕಚೇರಿಯ ಗುಮಾಸ್ತ, ಕನ್ನಡಕದ ವಯಸ್ಸಾದವನು, ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡ. ಗುರುಮಲ್ಲಪ್ಪನವರು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದರು. ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿ, ಎಂಟು ಕ್ವಿಂಟಲಿನಿಂದ ಹದಿನಾರರವರೆಗೆ ಎಲ್ಲಕ್ಕೂ ಒಂದೇ ತೆರಿಗೆ, ಎರಡು ಚೀಟಿಗೂ ವ್ಯತ್ಯಾಸವಿಲ್ಲ, ಒಂದು ಸಾಕಾಗಿತ್ತು ಎಂದ. ಬಿಚ್ಚಿ ತೂಗಿದ್ದಕ್ಕೆ ದಂಡವೇನೂ ಇಲ್ಲವೇ ಎಂದು ಸರೋಜಮ್ಮ ಕೇಳಿದಳು. ಏನೂ ಉಳಿಯದಿದ್ದ ಮೇಲೆ ಯಾವುದಕ್ಕೆ ದಂಡ ಹಾಕಲಿ ಎಂದ ಅವನು. ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಕೆಳಗಿನ ದರ ಬೇಕಿದ್ದರೆ ಇಂಜಿನ್ನನ್ನೇ ಇಳಿಸಬೇಕಿತ್ತು ಎಂದು ಪ್ರಾಮಾಣಿಕವಾಗಿ ತಿಳಿಸಿದ.

ಲಾರಿ ಬಾಡಿಗೆ, ಎರಡು ಸಲದ ಕಾಟಾ ಕೂಲಿ, ಗೋಪಾಲನ ಫೀಸು, ಒಂದು ಹೆಚ್ಚಿನ ಘಟ್ಟದ ಪೆಟ್ರೋಲು, ಇವನ್ನೆಲ್ಲ ಗುರುಮಲ್ಲಪ್ಪನವರು ಮನಸ್ಸಿನಲ್ಲೇ ತೂಗುತ್ತಿದ್ದಾಗ ಗುಮಾಸ್ತ ನೋಂದಣಿ ಪುಸ್ತಕ ಬರೆದು ಮುಗಿಸಿದ. ಒಡತಿಯ ಹೆಸರು ಸರೋಜಮ್ಮ ಎಂದಿತ್ತು. ಗುರುಮಲ್ಲಪ್ಪನವರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ಹುಡುಕಿದರು. ಇಷ್ಟೆಲ್ಲ ಕಟ್ಟಿದ, ಕಳೆದುಕೊಂಡ, ಪೊಲೀಸರ ಮುಂದೆ ಕೈಮುಗಿದ ಅವರ ಹೆಸರು ಇದ್ದದ್ದು ಒಂದೇ ಕಡೆ, ಗಂಡನ ಹೆಸರು ಎಂಬಲ್ಲಿ. ಅಲ್ಲೂ ಗುಮಾಸ್ತ ಗುರುಮಲ್ಲನ್ ಎಂದು ಬರೆದಿದ್ದ.

ತಿದ್ದಿಸಬಹುದೇ ಎಂದು ಕೇಳಿದರು. ಬೇರೆ ಅರ್ಜಿ ಕೊಟ್ಟು, ಬೇರೆ ಶುಲ್ಕ ಕಟ್ಟಬೇಕು ಎಂದ ಗುಮಾಸ್ತ.

ಗುರುಮಲ್ಲಪ್ಪನವರು ಪುಸ್ತಕವನ್ನು ಮಡಚಿ ಹೆಂಡತಿಯ ಕೈಗೆ ಕೊಟ್ಟರು.

"ಇರ್ಲಿ ಬಿಡು," ಎಂದರು. "ಗುರುಮಲ್ಲನ್ ಅಂದ್ರೂ ನಾನೇ."