ಕರಡಿಯ ಮುಂದೆ ಎರಡನೇ ಇಯತ್ತೆ

ಪ್ರಾಣಿಗಳ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ. ಪ್ರಾಣಿಗಳನ್ನು ಮಾತ್ರ ನೋಡಿರಲಿಲ್ಲ, ಅಷ್ಟೇ!

ಎಂಬತ್ತರ ದಶಕದ ಮಾತು. ಅಣ್ಣಿಗೇರಿ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನಾನು ಎರಡನೇ ಇಯತ್ತೆಯ ಮಾಸ್ತರ. ಹಲಗೆಯ ಮೇಲೆ ನಾನು ಬರೆದ ಹುಲಿಯನ್ನು ಮಕ್ಕಳು ಒಕ್ಕೊರಲಿನಿಂದ "ಬೆಕ್ಕು!" ಎಂದು ಗುರುತಿಸಿದ ದಿನವೇ ತೀರ್ಮಾನಿಸಿದೆ: ಇವರಿಗೆ ನಿಜವಾದ ಪ್ರಾಣಿಗಳನ್ನೇ ತೋರಿಸಬೇಕು. ಬಸ್ಸಿನಲ್ಲಿ ಒಂದು ತಾಸು ಹೋದರೆ ಸಣ್ಣದೊಂದು ಪ್ರಾಣಿಸಂಗ್ರಹಾಲಯವಿತ್ತು.

"ಮನ್ಯಾಗಿನ ಎಮ್ಮಿ ಹಾಯಾಕ ಬಂದ್ರ ಕಟ್ಟಿ ಏರಿ ನಿಂದರ್ತೀರಿ. ನೀವು ಸಿಂಹ ತೋರಸ್ತೀರಾ?" ಎಂದಳು ಹೆಂಡತಿ ಸುಶೀಲಾ.

"ಸಿಂಹ ಪಂಜರದಾಗ ಇರ್ತೈತಿ. ಎಮ್ಮಿ ಹಂಗಲ್ಲ," ಎಂದು ಶಾಸ್ತ್ರೋಕ್ತವಾಗಿ ಉತ್ತರಿಸಿದೆ.

ನಗುತ್ತಿದ್ದವಳು ದನಿ ತಗ್ಗಿಸಿದಳು. "ನೀಲಾನ ಕೈ ಬಿಡಬ್ಯಾಡ್ರಿ ಮತ್ತ."

ನೀಲಾ ನನ್ನ ತಂಗಿಯ ಮಗಳು. ಏಳು ವರ್ಷ, ನನ್ನದೇ ತರಗತಿ. ತಂಗಿ ಕಾಯಿಲೆಯಿಂದ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳ ಗಂಡ ಅಳ್ನಾವರದಲ್ಲಿ ರೈಲ್ವೆ ಕೆಲಸದವನು. ಮಗಳನ್ನು ನಮ್ಮಲ್ಲಿ ಬಿಟ್ಟಿದ್ದ. "ನಿಮ್ಮವ್ವ ಮಿರಜಿ ದವಾಖಾನ್ಯಾಗ ಅದಾಳ, ಆರಾಮಾದ ಮ್ಯಾಲೆ ಬರ್ತಾಳ" ಎಂದು ಹುಡುಗಿಗೆ ಹೇಳಿದವನು ನಾನೇ. ಅವಳು ಮತ್ತೇನೂ ಕೇಳಲಿಲ್ಲ. ಕೇಳಲಿಲ್ಲವೆಂದರೆ ನಂಬಿದಳು ಎಂದುಕೊಂಡೆ.

ಅಂತೂ ಹದಿನೆಂಟು ಮಕ್ಕಳ ದಂಡು ಕಟ್ಟಿಕೊಂಡು ಹೊರಟೆ. ಒಳಗೆ ಹೋದ ಕೂಡಲೇ ಒಂದು ನೀರಿನ ಹೊಂಡ. ದಂಡೆಯ ಮೇಲೆ ಅಲುಗಾಡದ ಮೊಸಳೆ.

"ಮಕ್ಕಳೇ, ಇದು ಸಿಮೆಂಟಿನ ಮೊಸಳೆ. ನಿಜವಾದದ್ದು ಮುಂದೆ ಇರುತ್ತದೆ" ಎಂದು ಗಂಭೀರವಾಗಿ ವಿವರಿಸಿದೆ.

ಸಿಮೆಂಟು ಬಾಯಿ ತೆರೆಯಿತು!

ಮಕ್ಕಳ ರಕ್ಷಣೆಯ ಹೊಣೆ ಹೊತ್ತಿದ್ದ ನಾನು ತಕ್ಷಣ ಮಕ್ಕಳ ಹಿಂದೆ ಹೋಗಿ ನಿಂತೆ.

ಹೋದ ಮಾನವನ್ನು ಕರಡಿಯ ಪಂಜರದ ಮುಂದೆ ಮರಳಿ ಪಡೆಯಲು ನೋಡಿದೆ. "ಕರಡಿ ಬಂದರೆ ಸತ್ತವರಂತೆ ಮಲಗಬೇಕು. ಸತ್ತವರನ್ನು ಅದು ಮುಟ್ಟುವುದಿಲ್ಲ" ಎಂದೆ. ಅಷ್ಟರಲ್ಲಿ ಕರಡಿ ಎದ್ದು ನಮ್ಮತ್ತ ಒಂದು ಹೆಜ್ಜೆ ಇಟ್ಟಿತು. ಹದಿನೇಳು ಮಕ್ಕಳು ಧಡಧಡನೆ ನೆಲಕ್ಕೆ ಬಿದ್ದರು! ನನ್ನ ಪಾಠ ಯಾರಿಗಾದರೂ ಅಷ್ಟು ಬೇಗ ನಾಟಿದ್ದು ಅದೇ ಮೊದಲು.

ಕಾವಲುಗಾರ ಮೌಲಾಸಾಬ ಓಡಿ ಬಂದ. "ಯಾ ಅಲ್ಲಾ! ಏನಾತ್ರಿ ಮಾಸ್ತರ, ಹುಡುಗೂರಿಗೆ?"

"ಏನಿಲ್ರಿ, ಪಾಠ ನಡದೈತಿ," ಎಂದೆ.

ಬಿದ್ದವರೆಲ್ಲ ಕಿಸಿಕಿಸಿ ನಗುತ್ತಿದ್ದರು. ನೀಲಾ ಒಬ್ಬಳೇ ನಿಂತಿದ್ದಳು. "ಏಳ್ರಲೇ," ಎಂದಳು ಮೆಲ್ಲಗೆ, "ಸತ್ತವರು ಹಿಂಗ ನಗಂಗಿಲ್ಲ."

ಅವಳ ಕೈ ಹಿಡಿದುಕೊಂಡು ಸರಸರ ಮುಂದೆ ನಡೆದೆ.

ಮೌಲಾಸಾಬನೂ ನಮ್ಮ ಜೊತೆಗೇ ಬಂದ. ಮಾಸ್ತರನನ್ನು ಒಂಟಿಯಾಗಿ ಬಿಡುವುದು ಕ್ಷೇಮವಲ್ಲ ಎನಿಸಿರಬೇಕು. ಸಿಂಹದ ಪಂಜರದಲ್ಲಿ ಒಂದು ಮುದಿ ಹೆಣ್ಣು ಸಿಂಹ ಹಿಂದಿನ ಬಾಗಿಲಿನ ಕಡೆ ಮುಖ ಮಾಡಿ ಮಲಗಿತ್ತು. "ಗುರುಗಳ, ಅದನ್ನ ಒದರಸ್ರೀ!" ಎಂದು ಮಕ್ಕಳು ಗಲಾಟೆ ಮಾಡಿದರು. ಕಾಡಿನ ರಾಣಿ ನಮ್ಮತ್ತ ತಿರುಗಿಯೂ ನೋಡಲಿಲ್ಲ.

"ಇದರ ಜೋಡಿ ಗಂಡು ಸತ್ತು ಹದಿನೈದು ದಿನ ಆತ್ರಿ," ಎಂದ ಮೌಲಾಸಾಬ. "ಆ ಬಾಗಲದಾಗಿಂದ ಹೊತ್ಕೊಂಡು ಹೋದ್ವಿ. ಅವತ್ತಿನಿಂದ ಬಾಗಲಾ ಕಾಯಾಕತ್ತೈತಿ. ತನ್ನ ಪಾಲಿಂದು ಅರ್ಧಾ ತಿಂತೈತಿ, ಅರ್ಧಾ ಬಿಡ್ತೈತಿ."

ಮಕ್ಕಳೆಲ್ಲ ಆ ಬಾಗಿಲಿನತ್ತ ಕತ್ತು ಚಾಚಿದರು.

"ಕಾಕಾ," ನೀಲಾ ಕೇಳಿದಳು, "ಸತ್ತೈತಿ ಅಂತ ಅದಕ್ಕ ಯಾರೂ ಹೇಳಿಲ್ಲೇನ್ರಿ?"

"ಹೆಂಗ ಹೇಳೂದವ್ವಾ? ನಮಗ ಅದರ ಮಾತು ಬರಂಗಿಲ್ಲಲಾ."

ನೀಲಾ ನನ್ನ ಕಡೆ ನೋಡಿದಳು. "ನಮ್ಮ ಮಾಮಾಗ ನನ್ನ ಮಾತು ಬರ್ತೈತ್ರಿ. ಆದ್ರೂ ಹೇಳಿಲ್ಲ."

ಮೌಲಾಸಾಬ ನನ್ನ ಮುಖ ನೋಡಿದ. ಪ್ರಾಣಿಗಳ ಬಗ್ಗೆ ಅಷ್ಟೆಲ್ಲ ಬಲ್ಲ ನಾನು ಸಿಂಹಕ್ಕೆ ಹಲ್ಲೆಷ್ಟು ಎಂದು ಹೇಳಲು ಬಾಯಿ ತೆರೆದೆ. ಅದೂ ನೆನಪಿಗೆ ಬರಲಿಲ್ಲ.

ಸಂಜೆ ಬಸ್ಸಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಎರಡು ಸ್ಟಾಪು ದಾಟುವವರೆಗೆ ಮಕ್ಕಳ ತಲೆ ಎಣಿಸುವುದೇ ಆಯಿತು. ಕೊನೆಗೆ ಹೇಳಿದೆ: "ನೀಲಾ, ನಿಮ್ಮವ್ವ ಬರಂಗಿಲ್ಲ. ತೀರಿಕೊಂಡಾಳ."

"ಗೊತ್ತೈತಿ ಮಾಮಾ. ಅತ್ತಿ ಅವ್ವನ ಸೀರಿ ಹಿಡಕೊಂಡು ಅಳೂದು ನೋಡೇನಿ."

"ಮತ್ತ ನನ್ನ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಅಳ್ತಿ ಅಂತ."

ಅವಳ ಅಂದಾಜು ಸರಿಯಾಗಿತ್ತು. ತಂಗಿಯನ್ನು ಮಣ್ಣು ಮಾಡುವಾಗಲೂ ಗಟ್ಟಿಯಾಗಿ ನಿಂತಿದ್ದ ನಾನು, ತುಂಬಿದ ಬಸ್ಸಿನಲ್ಲಿ, ಹತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡ ರೈತರ ನಡುವೆ ಹೋ ಎಂದು ಅತ್ತುಬಿಟ್ಟೆ. ಆಮೇಲೆ ನೀಲಾ ನನ್ನ ತೊಡೆಗೆ ಮುಖ ಒತ್ತಿ ಅತ್ತಳು. ಎರಡು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲು. ಕಂಡಕ್ಟರ್ ಟಿಕೆಟ್ ಕೇಳದೆ ಮುಂದೆ ಹೋಗಿ, ತುಸು ಹೊತ್ತಿನ ಮೇಲೆ ಬಂದ.

ಮರುದಿನ ಹೆಡ್ ಮಾಸ್ತರರು ತರಗತಿಗೆ ಬಂದರು. "ಏನೇನು ನೋಡಿದ್ರಿ ಮಕ್ಕಳೇ?"

"ಮೊಸಳೀ! ಕರಡೀ! ಸಿಂಹಾ!"

"ಶಾಬಾಸ್! ಎಲ್ಲಾದ್ರಾಗ ಯಾವುದು ಭಾಳ ಲಕ್ಷದಾಗ ಉಳೀತು?"

ಇಡೀ ಎರಡನೇ ಇಯತ್ತೆ ಒಕ್ಕೊರಲಿನಿಂದ ಕೂಗಿತು: "ನಮ್ಮ ಗುರುಗಳು ಅಳೂದ್ರೀ!"

"ಅದನ್ನ ಅಗದಿ ಬಾಜೂಕ ಕುಂತು ನೋಡಿದ್ವಿ ಸರ್ರ!" ಎಂದು ಮುಂದಿನ ಸಾಲಿನಿಂದ ಒಬ್ಬಳು ಹೆಮ್ಮೆಯಿಂದ ಸೇರಿಸಿದಳು.

ಹೆಡ್ ಮಾಸ್ತರರು ಕನ್ನಡಕ ಕೆಳಗಿಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಹಾಜರಿ ಪುಸ್ತಕ ತೆರೆದು, ಮುಖ ಮುಚ್ಚುವಷ್ಟು ಎತ್ತರಕ್ಕೆ ಹಿಡಿದುಕೊಂಡೆ. ತಲೆಕೆಳಗಾಗಿ ಹಿಡಿದಿದ್ದೆನಂತೆ!